ಬಾಖ್‌ನ ಚಿನ್ನದ ಬಟ್ಟಲು: ಫೋರ್ಕೆಲ್ ಹೇಳಿದ್ದರಲ್ಲಿ ಎಷ್ಟು ನಂಬಬೇಕು?

ಪ್ರಶ್ನೆ: ನಾನು ಮೈಸೂರಿನಲ್ಲಿ ಪಿಯಾನೋ ಕಲಿಯುತ್ತಿದ್ದೇನೆ. ಬಾಖ್ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಬರೆದದ್ದು ನಿದ್ದೆ ಬಾರದ ಒಬ್ಬ ಕೌಂಟ್‌ಗಾಗಿ, ಅದಕ್ಕೆ ಪ್ರತಿಯಾಗಿ ಚಿನ್ನದ ಬಟ್ಟಲು ತುಂಬ ನಾಣ್ಯ ಸಿಕ್ಕಿತು ಎಂದು ಎಲ್ಲ ಕಡೆ ಓದುತ್ತೇನೆ. ಕೆಲವರು ಇದು ಕಟ್ಟುಕಥೆ ಅನ್ನುತ್ತಾರೆ. ಇದರ ಮೂಲ ಫೋರ್ಕೆಲ್ ಎಂಬ ಜರ್ಮನ್ ಸಂಗೀತ ವಿದ್ವಾಂಸನ ಪುಸ್ತಕವಂತೆ. ಯಾರು ಈತ? ತಾನೂ ಸಂಗೀತ ರಚಿಸುತ್ತಿದ್ದನಂತೆ, ಹಾಗಾದರೆ ಅವನ ಕೃತಿಗಳು ಯಾಕೆ ಕೇಳಿಸುವುದಿಲ್ಲ? ಅವನ ಪುಸ್ತಕವನ್ನು ನನ್ನಂಥವರು ಇವತ್ತು ಓದಬೇಕೇ?

ಉತ್ತರ: ಚಿನ್ನದ ಬಟ್ಟಲಿನ ಕಥೆಯನ್ನು ಮೊದಲ ಸಲ ಅಚ್ಚಿಗೆ ಕೊಟ್ಟವನು ಯೊಹಾನ್ ನಿಕೊಲಾಸ್ ಫೋರ್ಕೆಲ್, 1802ರಲ್ಲಿ ಹೊರಬಂದ ತನ್ನ ಬಾಖ್ ಜೀವನಚರಿತ್ರೆಯಲ್ಲಿ. ವೇರಿಯೇಷನ್ಸ್, ಅಂದರೆ ಒಂದೇ ಮೂಲವನ್ನು ಬಗೆಬಗೆಯಾಗಿ ಬದಲಿಸಿ ಕಟ್ಟಿದ ತುಣುಕುಗಳ ಕೃತಿ, ಅಚ್ಚಾದದ್ದು 1741ರಲ್ಲಿ, ಬಾಖ್ ತೀರಿಕೊಂಡದ್ದು 1750ರಲ್ಲಿ. ಕಥೆ ಲೋಕಕ್ಕೆ ಗೊತ್ತಾಗುವ ಹೊತ್ತಿಗೆ ಅದರೊಳಗಿನ ಮೂವರೂ, ಅಂದರೆ ಬಾಖ್, ಕೌಂಟ್ ಕೈಸರ್ಲಿಂಗ್ ಮತ್ತು ಹುಡುಗ ಗೋಲ್ಡ್‌ಬರ್ಗ್, ಬದುಕಿರಲಿಲ್ಲ. ಹೀಗಿದ್ದರೂ ಇದನ್ನು ಪೂರ್ತಿ ಕಟ್ಟುಕಥೆ ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಫೋರ್ಕೆಲ್ ಬರೆದ ಎಲ್ಲ ಮಾತಿಗೂ ಒಂದೇ ಬೆಲೆ ಕಟ್ಟಬಾರದು, ಅಷ್ಟೆ. ಈ ವಿಷಯ ಅವನಿಗೆ ಯಾರಿಂದ ಬಂತು ಎಂದು ಪ್ರತಿ ಸಲ ಕೇಳಿಕೊಂಡು ಓದಿದರೆ, ಅವನಷ್ಟು ಉಪಯೋಗಕ್ಕೆ ಬರುವ ಲೇಖಕ ಬಾಖ್ ವಿಷಯದಲ್ಲಿ ಇನ್ನೊಬ್ಬನಿಲ್ಲ.

ಮೊದಲು ಅವನು ಹೇಳುವುದನ್ನು ಸರಿಯಾಗಿ ನೋಡೋಣ. ಎಲ್ಲ ಕಡೆ ಹರಿದಾಡುತ್ತಿರುವ ರೂಪಕ್ಕೂ ಮೂಲಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಕೈಸರ್ಲಿಂಗ್ ಡ್ರೆಸ್ಡೆನ್ ಆಸ್ಥಾನದಲ್ಲಿ ರಷ್ಯಾದ ರಾಯಭಾರಿ. ಆರೋಗ್ಯ ಸರಿಯಿಲ್ಲದ ಮನುಷ್ಯ, ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದ. ಅವನ ಮನೆಯಲ್ಲೇ ಇದ್ದ ಗೋಲ್ಡ್‌ಬರ್ಗ್ ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಕೂತು ನುಡಿಸಬೇಕಿತ್ತು. ಗೋಲ್ಡ್‌ಬರ್ಗ್‌ಗಾಗಿ ಮೃದುವಾದ, ಜೊತೆಗೆ ಸ್ವಲ್ಪ ಲವಲವಿಕೆಯಿರುವ ಕೆಲವು ಕೃತಿಗಳು ಬೇಕು, ನಿದ್ದೆಗೆಟ್ಟ ರಾತ್ರಿಗಳಲ್ಲಿ ಮನಸ್ಸು ಹಗುರಾಗಬೇಕು ಎಂದು ಕೌಂಟ್ ಬಾಖ್‌ಗೆ ಹೇಳಿದ. ಗಮನಿಸಿ, ನಿದ್ದೆ ಬರಿಸಲಿಕ್ಕೆ ಎಂದು ಫೋರ್ಕೆಲ್ ಎಲ್ಲೂ ಬರೆದಿಲ್ಲ. ಅದು ಆಮೇಲೆ ಹೇಳಿದವರು ಸೇರಿಸಿದ್ದು. ಒಂದೇ ಆಧಾರ ಸ್ವರಗಳ ಮೇಲೆ ಮತ್ತೆ ಮತ್ತೆ ಕಟ್ಟುವ ಈ ಪ್ರಕಾರ ಬಾಖ್‌ಗೆ ಅಷ್ಟಾಗಿ ಇಷ್ಟವಿರಲಿಲ್ಲ, ಆದರೂ ಈ ಕೆಲಸಕ್ಕೆ ಇದೇ ಒಳ್ಳೆಯದೆಂದು ಆರಿಸಿಕೊಂಡ. ಕೌಂಟ್‌ಗೆ ಎಷ್ಟು ಕೇಳಿದರೂ ಸಾಲದು. 'ನನ್ನ ವೇರಿಯೇಷನ್' ಒಂದನ್ನು ನುಡಿಸು ಎಂದು ಗೋಲ್ಡ್‌ಬರ್ಗ್‌ಗೆ ಹೇಳುತ್ತಿದ್ದ. ಕೊನೆಗೆ 100 ಲೂಯಿ ದೋರ್ ಎಂಬ ಚಿನ್ನದ ನಾಣ್ಯ ತುಂಬಿದ ಚಿನ್ನದ ಬಟ್ಟಲನ್ನು ಬಾಖ್‌ಗೆ ಕೊಟ್ಟ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯಗಳು ಗಟ್ಟಿಯಾಗಿವೆ. ನ್ಯೂರೆಂಬರ್ಗ್‌ನ ಬಾಲ್ತಸಾರ್ ಶ್ಮಿಡ್ ಅಚ್ಚು ಹಾಕಿದ ಪ್ರತಿಯ ಮುಖಪುಟದಲ್ಲಿ ಕೈಸರ್ಲಿಂಗ್‌ನ ಹೆಸರಿಲ್ಲ, ಅರ್ಪಣೆಯೂ ಇಲ್ಲ. ದೊಡ್ಡ ಮನುಷ್ಯನೊಬ್ಬ ಹೇಳಿ ಬರೆಸಿದ ಕೃತಿಯಾಗಿದ್ದರೆ ಆ ಕಾಲದಲ್ಲಿ ಅರ್ಪಣೆ ಇಲ್ಲದೆ ಹೊರಬರುವುದು ಅಪರೂಪ. ಎರಡು ಕೀಲಿಮಣೆಯ ಹಾರ್ಪ್ಸಿಕಾರ್ಡ್‌ಗಾಗಿ ಒಂದು ಏರಿಯಾ (ಮೂಲ ಧಾಟಿ) ಮತ್ತು ಅದರ ನಾನಾ ವೇರಿಯೇಷನ್‌ಗಳು, ಸಂಗೀತಪ್ರಿಯರ ಮನಸ್ಸಂತೋಷಕ್ಕಾಗಿ ಎಂದಷ್ಟೇ ಅದರ ಮೇಲಿದೆ. ಎರಡನೆಯದು ಗೋಲ್ಡ್‌ಬರ್ಗ್‌ನ ವಯಸ್ಸು: ಅವನು ಹುಟ್ಟಿದ್ದು 1727ರಲ್ಲಿ, ಕೃತಿ ಅಚ್ಚಾದಾಗ ಹದಿನಾಲ್ಕರ ಹುಡುಗ. ಅಸಾಧ್ಯವೇನಲ್ಲ, ಹುಡುಗ ಅಸಾಧಾರಣ ಪ್ರತಿಭಾವಂತ. ಆದರೂ ಕೈಗಳು ಒಂದರ ಮೇಲೊಂದು ಹಾಯುವ ಆ ವೇರಿಯೇಷನ್‌ಗಳನ್ನು ನೀವು ನುಡಿಸಲು ನೋಡಿದ್ದರೆ ಅನುಮಾನ ಯಾಕೆ ಹುಟ್ಟುತ್ತದೆಂದು ಗೊತ್ತಾಗುತ್ತದೆ. ಮೂರನೆಯದು, ಬಾಖ್ ಸತ್ತ ಮೇಲೆ ಮನೆಯ ಸ್ವತ್ತನ್ನು ಒಂದೊಂದಾಗಿ ಪಟ್ಟಿ ಮಾಡಿ ಬೆಲೆ ಕಟ್ಟಿದರು. ವಾದ್ಯಗಳು, ಪುಸ್ತಕಗಳು, ಬೆಳ್ಳಿ ಸಾಮಾನು ಎಲ್ಲ ಅದರಲ್ಲಿವೆ. ಚಿನ್ನದ ಬಟ್ಟಲಿಲ್ಲ.

ಇನ್ನೊಂದು ಕಡೆಗೆ ಬನ್ನಿ. ಕೈಸರ್ಲಿಂಗ್‌ಗೂ ಬಾಖ್‌ಗೂ ನಂಟು ಇದ್ದದ್ದು ಖಂಡಿತ. 1736ರಲ್ಲಿ ಬಾಖ್‌ಗೆ ಆಸ್ಥಾನ ಸಂಗೀತ ರಚನಕಾರ ಎಂಬ ಬಿರುದು ಬಂದಾಗ ಅದರ ಪತ್ರ ಕೈಸೇರಿದ್ದು ಇದೇ ಕೈಸರ್ಲಿಂಗ್ ಮೂಲಕ. 1741ರ ನವೆಂಬರ್‌ನಲ್ಲಿ ಬಾಖ್ ಡ್ರೆಸ್ಡೆನ್‌ಗೆ ಹೋಗಿ ಅವನ ಮನೆಯಲ್ಲೇ ಉಳಿದಿದ್ದ. ಆಗತಾನೇ ಅಚ್ಚಾದ ಪ್ರತಿಯನ್ನು ಕೌಂಟ್‌ಗೆ ಕೊಟ್ಟಿರಬಹುದು, ಅದನ್ನು ಗೋಲ್ಡ್‌ಬರ್ಗ್ ರಾತ್ರಿ ರಾತ್ರಿ ನುಡಿಸಿರಬಹುದು, ಕೌಂಟ್ ಉಡುಗೊರೆಯನ್ನೂ ಕೊಟ್ಟಿರಬಹುದು. ಬರೆಸಿದ್ದೇ ಅವನು ಎಂಬ ಭಾಗ ಮಾತ್ರ ಹೇಳಿಕೆಯಿಂದ ಹೇಳಿಕೆಗೆ ಬೆಳೆದದ್ದೆಂದು ನನಗನ್ನಿಸುತ್ತದೆ. ಬಾಖ್‌ನ ಹಿರಿಯ ಮಗ ವಿಲ್‌ಹೆಲ್ಮ್ ಫ್ರೀಡೆಮಾನ್ ಆಗ ಡ್ರೆಸ್ಡೆನ್‌ನಲ್ಲೇ ಆರ್ಗನ್ ವಾದಕನಾಗಿದ್ದ, ಮುಂದೆ ಫೋರ್ಕೆಲ್‌ಗೆ ಹಳೆಯ ನೆನಪುಗಳನ್ನು ಹೇಳಿದವರಲ್ಲಿ ಅವನೂ ಒಬ್ಬ. ಕಥೆ ಆ ದಾರಿಯಿಂದ ಬಂದಿರುವ ಸಾಧ್ಯತೆಯೇ ಹೆಚ್ಚು.

ಈ ಕಥೆಯ ಅಡಿಯಲ್ಲೇ ಫೋರ್ಕೆಲ್ ಇನ್ನೊಂದು ಮಾತು ಬರೆದಿದ್ದಾನೆ, ಅದನ್ನು ಬಟ್ಟಲಿನಷ್ಟು ಯಾರೂ ನೆನೆಯುವುದಿಲ್ಲ. ವೇರಿಯೇಷನ್ಸ್‌ನ ಅಚ್ಚಾದ ಪ್ರತಿಗಳಲ್ಲಿ ಕೆಲವು ಮುಖ್ಯ ತಪ್ಪುಗಳಿವೆ, ಬಾಖ್ ತನ್ನ ಸ್ವಂತ ಪ್ರತಿಯಲ್ಲಿ ಅವನ್ನು ಎಚ್ಚರಿಕೆಯಿಂದ ತಿದ್ದಿಕೊಂಡಿದ್ದಾನೆ ಎಂದು. ಆ ಪ್ರತಿ ಎಲ್ಲಿ ಹೋಯಿತೋ ಯಾರಿಗೂ ತಿಳಿದಿರಲಿಲ್ಲ. 1974ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಅದು ಬೆಳಕಿಗೆ ಬಂತು. ತಿದ್ದುಪಡಿಗಳು ಫೋರ್ಕೆಲ್ ಹೇಳಿದ ಹಾಗೆಯೇ ಇದ್ದವು. ನೀವು ಪಿಯಾನೋ ಕಲಿಯುವವರಾದ್ದರಿಂದ ಎರಡನ್ನು ಹೇಳುತ್ತೇನೆ: 7ನೇ ವೇರಿಯೇಷನ್‌ಗೆ ಬಾಖ್ ಕೈಯಾರೆ 'ಗೀಗ್ ನೃತ್ಯದ ಗತಿಯಲ್ಲಿ', ಅಂದರೆ ಚುರುಕಾಗಿ, ಎಂದು ಬರೆದಿದ್ದಾನೆ, 25ನೆಯದಕ್ಕೆ 'ಅದಾಜಿಯೋ', ಅಂದರೆ ನಿಧಾನವಾಗಿ, ಎಂದು. ಅದಕ್ಕೆ ಮೊದಲು ಎಷ್ಟೋ ಜನ 7ನೆಯದನ್ನು ನಿಧಾನವಾದ ಸಿಸಿಲಿಯಾನೋ ಎಂದೇ ತಿಳಿದು ನುಡಿಸುತ್ತಿದ್ದರು. ಅದೇ ಪ್ರತಿಯ ಕೊನೆಯ ಹಾಳೆಯಲ್ಲಿ ಏರಿಯಾದ ಮೊದಲ ಎಂಟು ಆಧಾರ ಸ್ವರಗಳ ಮೇಲೆ ಕಟ್ಟಿದ, ಒಂದು ದನಿಯನ್ನು ಇನ್ನೊಂದು ಹಿಂಬಾಲಿಸುವ 14 ಪುಟ್ಟ ಕ್ಯಾನನ್‌ಗಳೂ ಸಿಕ್ಕವು. ಕಥೆಯ ಬಟ್ಟಲು ಸಿಗಲಿಲ್ಲ, ಆದರೆ ಅದೇ ಪುಟದಲ್ಲಿ ಅದೇ ಮನುಷ್ಯ ಬರೆದ ಒಂದು ಒಣ ಮಾಹಿತಿ 172 ವರ್ಷಗಳ ನಂತರ ಅಕ್ಷರಶಃ ನಿಜವಾಯಿತು. ಫೋರ್ಕೆಲ್‌ನನ್ನು ಹೇಗೆ ಓದಬೇಕೆಂದು ಕೇಳಿದವರಿಗೆಲ್ಲ ನಾನು ಇದೇ ಪುಟವನ್ನು ತೋರಿಸುತ್ತೇನೆ.

ಈಗ ಮನುಷ್ಯನ ವಿಷಯ. ಫೋರ್ಕೆಲ್ ಹುಟ್ಟಿದ್ದು 1749ರ ಫೆಬ್ರವರಿ 22ರಂದು, ಕೋಬುರ್ಗ್ ಹತ್ತಿರದ ಮೇಡರ್ ಎಂಬ ಹಳ್ಳಿಯಲ್ಲಿ. ತಂದೆ ಚಪ್ಪಲಿ ಹೊಲಿಯುವವನು. ಊರಿನ ಚರ್ಚಿನ ಹಾಡುಗಾರಿಕೆ ಮೇಷ್ಟ್ರು ಹುಡುಗನಿಗೆ ಮೊದಲ ಪಾಠ ಹೇಳಿದರು. ಧ್ವನಿ ಚೆನ್ನಾಗಿದ್ದರಿಂದ ಲ್ಯೂನೆಬುರ್ಗ್‌ನ ಶಾಲಾ ಗಾಯಕವೃಂದಕ್ಕೆ ಸೇರಿದ, ಅಲ್ಲಿಂದ ಷ್ವೆರಿನ್‌ಗೆ ಹೋಗಿ ಗಾಯಕವೃಂದದ ಮುಂದಾಳಾದ. ಅರವತ್ತು ವರ್ಷ ಹಿಂದೆ ಇದೇ ಲ್ಯೂನೆಬುರ್ಗ್‌ನಲ್ಲಿ ಬಾಲಕ ಬಾಖ್ ಕೂಡ ಹೀಗೆಯೇ ಹಾಡಿ ಓದಿದ್ದ. 1769ರಲ್ಲಿ ಕಾನೂನು ಓದಲೆಂದು ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದ ಹುಡುಗ ಮತ್ತೆ ಆ ಊರು ಬಿಡಲಿಲ್ಲ. ವಿಶ್ವವಿದ್ಯಾಲಯದ ಚರ್ಚಿನಲ್ಲಿ ಆರ್ಗನ್ ನುಡಿಸಿದ, ಖಾಸಗಿಯಾಗಿ ಸಂಗೀತಶಾಸ್ತ್ರದ ಪಾಠ ಹೇಳಿದ, 1779ರಲ್ಲಿ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕನಾದ. 1818ರ ಮಾರ್ಚ್ 20ರಂದು ಸಾಯುವವರೆಗೂ ಅದೇ ಹುದ್ದೆ.

ಗಾಟಿಂಗೆನ್ ಅವನನ್ನು ರೂಪಿಸಿದ ಬಗೆ ದೊಡ್ಡದು. ಅಲ್ಲಿನ ಗ್ರಂಥಾಲಯ ಆ ಕಾಲದ ಯುರೋಪಿನಲ್ಲೇ ಅತ್ಯುತ್ತಮವಾದವುಗಳಲ್ಲಿ ಒಂದು. ಹಳೆಯ ಗ್ರೀಕ್, ಲ್ಯಾಟಿನ್ ಗ್ರಂಥಗಳ ಪಾಠಗಳನ್ನು ಹೋಲಿಸಿ ಯಾವುದು ಮೂಲ, ಯಾವುದು ಸೇರ್ಪಡೆ ಎಂದು ಪರೀಕ್ಷಿಸುವ ವಿದ್ವಾಂಸರು, ದಾಖಲೆಯಿಲ್ಲದೆ ಚರಿತ್ರೆ ಬರೆಯಬಾರದು ಎಂದು ಹಟ ಹಿಡಿದ ಚರಿತ್ರಕಾರರು ಅಲ್ಲಿದ್ದರು. ಸಂಗೀತದ ಬಗ್ಗೆ ಆವರೆಗೆ ಬರೆದವರೆಲ್ಲ ಒಂದೋ ಹಾಡುಗಾರರಿಗೆ, ವಾದಕರಿಗೆ ಕೈಪಿಡಿ ಬರೆದರು, ಇಲ್ಲವೇ ರುಚಿಯ ಮೇಲೆ ಜಗಳವಾಡಿದರು. ಕಾವ್ಯವನ್ನೋ ಕಾನೂನನ್ನೋ ಅಭ್ಯಾಸ ಮಾಡುವ ಹಾಗೆ ಸಂಗೀತವನ್ನೂ ವಿಶ್ವವಿದ್ಯಾಲಯದಲ್ಲಿ ಶಾಸ್ತ್ರವಾಗಿ ಅಭ್ಯಾಸ ಮಾಡಬಹುದು ಎಂದು ಯೋಚಿಸಿ, ಅದಕ್ಕೆ ಬೇಕಾದ ಉಪಕರಣಗಳನ್ನು ತಾನೇ ಕೂತು ತಯಾರಿಸಿದವನು ಫೋರ್ಕೆಲ್. ಆಧುನಿಕ ಸಂಗೀತಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಅವನನ್ನು ಎಣಿಸುವುದು ಇದಕ್ಕೇ. 1792ರಲ್ಲಿ ಅವನು ಹೊರತಂದ ಸಂಗೀತ ಗ್ರಂಥಗಳ ಸೂಚಿಯಲ್ಲಿ ಗ್ರೀಕರ ಕಾಲದಿಂದ ತನ್ನ ಕಾಲದವರೆಗಿನ ಸುಮಾರು 3,000 ಬರಹಗಳ ವಿವರವಿದೆ. ಒಬ್ಬನೇ ಮನುಷ್ಯ, ಸಹಾಯಕರಿಲ್ಲ, ಸಂಬಳ ಕಡಿಮೆ. ಆ ಗ್ರಂಥಸೂಚಿ ಇವತ್ತಿಗೂ ಸಂಶೋಧಕರ ಮೇಜಿನ ಮೇಲೆ ಬರುತ್ತದೆ.

ಅವನ ಮನೆಯ ಬದುಕನ್ನು ಇಲ್ಲಿ ಒಂದೇ ಮಾತಿನಲ್ಲಿ ಮುಗಿಸುವುದು ಅನ್ಯಾಯ, ಆದರೂ ಹೇಳದೆ ಬಿಡಲಾರೆ. 1781ರಲ್ಲಿ ಮದುವೆಯಾದ ಹೆಂಡತಿ ಮೆಟಾ, ಗಾಟಿಂಗೆನ್ ಪ್ರೊಫೆಸರೊಬ್ಬರ ಮಗಳು, ಸ್ವತಃ ಲೇಖಕಿ ಮತ್ತು ಅನುವಾದಕಿ. ಥಾಮಸ್ ಪೈನ್‌ನ ಬರಹವನ್ನು ಜರ್ಮನ್‌ಗೆ ತಂದವಳು, ಫ್ರೆಂಚ್ ಕ್ರಾಂತಿಯ ಗಾಳಿ ಬೀಸಿದಾಗ ಮೈಂಟ್ಸ್‌ನ ಕ್ರಾಂತಿಕಾರಿಗಳ ಬಳಗದಲ್ಲಿದ್ದು 1793ರಲ್ಲಿ ಕ್ಯೋನಿಗ್‌ಸ್ಟೈನ್ ಕೋಟೆಯಲ್ಲಿ ಸೆರೆವಾಸ ಅನುಭವಿಸಿದವಳು. 1794ರಲ್ಲಿ ವಿಚ್ಛೇದನವಾಯಿತು. ಅವಳ ಬಗ್ಗೆ ಯಾರಾದರೂ ಪ್ರತ್ಯೇಕವಾಗಿ ಪ್ರಶ್ನೆ ಕಳಿಸಿದರೆ ಸಂತೋಷದಿಂದ ಬರೆಯುತ್ತೇನೆ.

ಬಾಖ್ ಪುಸ್ತಕದ ನಿಜವಾದ ಬಂಡವಾಳ ಫೋರ್ಕೆಲ್ ಯೌವನದಲ್ಲೇ ಮಾಡಿದ ಒಂದು ಕೆಲಸ. ಇಪ್ಪತ್ತೈದರ ಆಸುಪಾಸಿನಲ್ಲೇ ಅವನು ಹ್ಯಾಂಬರ್ಗ್‌ನಲ್ಲಿದ್ದ ಬಾಖ್‌ನ ಎರಡನೆಯ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್‌ಗೆ ಪ್ರಶ್ನೆಗಳನ್ನು ಬರೆದು ಕಳಿಸಲು ಶುರುಮಾಡಿದ. ನಿಮ್ಮ ತಂದೆ ಯಾರಿಂದ ಕಲಿತರು, ಯಾರ ಕೃತಿಗಳನ್ನು ಇಷ್ಟಪಡುತ್ತಿದ್ದರು, ಆರ್ಗನ್ ಪರೀಕ್ಷೆ ಹೇಗೆ ಮಾಡುತ್ತಿದ್ದರು, ರಚನೆ ಹೇಗೆ ಕಲಿಸುತ್ತಿದ್ದರು. ಆಗ ಬಾಖ್ ಬಗ್ಗೆ ಇಂಥ ಪ್ರಶ್ನೆ ಕೇಳುವವರೇ ಇರಲಿಲ್ಲ. 1774–75ರ ಆ ಉತ್ತರಗಳು ಉಳಿದಿವೆ. ಬಾಖ್ ಮನೆ ಪಾರಿವಾಳದ ಗೂಡಿನಂತೆ ಸದಾ ಗಿಜಿಗುಡುತ್ತಿತ್ತು, ಆತನಿಗೆ ಅತ್ಯಗತ್ಯದ ಪತ್ರಕ್ಕೂ ಪುರುಸೊತ್ತಿರಲಿಲ್ಲ ಎಂದು ನಮಗೆ ಗೊತ್ತಾದದ್ದು ಅಲ್ಲಿಂದ. ಒಣ ಗಣಿತದ ಲೆಕ್ಕಾಚಾರ ಬಾಖ್‌ಗೆ ಹಿಡಿಸುತ್ತಿರಲಿಲ್ಲ ಎಂಬುದೂ ಅಲ್ಲಿಂದಲೇ. ಬಾಖ್ ಸಂಗೀತದಲ್ಲಿ ಗುಪ್ತ ಸಂಖ್ಯೆಗಳನ್ನು ಹುಡುಕುವವರು ಈ ಒಂದು ಸಾಲನ್ನು ಓದಿ ಮುಂದುವರಿಯಲಿ ಎಂದು ನನ್ನ ಪ್ರಾರ್ಥನೆ.

1775ರ ಜನವರಿ 13ರ ಪತ್ರದಲ್ಲಿ ಒಂದು ಹೊಡೆದುಹಾಕಿದ ಪದವಿದೆ. ತಂದೆ ಮೆಚ್ಚಿ ಅಭ್ಯಾಸ ಮಾಡಿದ ಸಂಗೀತಗಾರರ ಪಟ್ಟಿ ಕೊಡುತ್ತ ಮಗ ಮೊದಲು 'ಅವರ ಗುರು ಬ್ಯೋಮ್' ಎಂದು ಬರೆದ. ಆಮೇಲೆ 'ಗುರು' ಎಂಬುದನ್ನು ಹೊಡೆದು 'ಲ್ಯೂನೆಬುರ್ಗ್‌ನ ಆರ್ಗನ್ ವಾದಕ ಬ್ಯೋಮ್' ಎಂದು ತಿದ್ದಿದ. ತಂದೆ ಯಾರ ಕೈಕೆಳಗೂ ಕಲಿಯದೆ ಸ್ವಂತ ಪ್ರತಿಭೆಯಿಂದ ಬೆಳೆದವರು ಎಂದು ತೋರಿಸುವ ಆಸೆ ಮಗನಿಗಿತ್ತೋ, ಖಚಿತವಿಲ್ಲದ್ದನ್ನು ಹೇಳಬಾರದೆಂಬ ಎಚ್ಚರವೋ. ಎರಡು ಶತಮಾನಕ್ಕೂ ಹೆಚ್ಚು ಕಾಲ ವಿದ್ವಾಂಸರು ಆ ಹೊಡೆದ ಪದದ ಸುತ್ತ ವಾದ ಮಾಡಿದರು. 2006ರಲ್ಲಿ ವೈಮರ್‌ನ ಗ್ರಂಥಾಲಯದಲ್ಲಿ ಬಾಲಕ ಬಾಖ್‌ನ ಕೈಬರಹದ ಆರ್ಗನ್ ಪ್ರತಿಯೊಂದು ಸಿಕ್ಕ ಸುದ್ದಿ ಹೊರಬಿತ್ತು. ಅದರ ಕೊನೆಯಲ್ಲಿ, ಗೆಯೋರ್ಗ್ ಬ್ಯೋಮ್ ಅವರಲ್ಲಿ 1700ರಲ್ಲಿ ಲ್ಯೂನೆಬುರ್ಗ್‌ನಲ್ಲಿ ನಕಲು ಮಾಡಿದ್ದು ಎಂದಿದೆ. ಹದಿನೈದು ವರ್ಷದ ಹುಡುಗನ ಅಕ್ಷರ. ಫೋರ್ಕೆಲ್ ಆ ಪ್ರಶ್ನೆ ಕೇಳದಿದ್ದರೆ ಆ ಪದ ಬರೆಯಲೂ ಪಡುತ್ತಿರಲಿಲ್ಲ, ಹೊಡೆಯಲೂ ಪಡುತ್ತಿರಲಿಲ್ಲ.

ಫ್ರೀಡೆಮಾನ್ ಕೂಡ ಅವನಿಗೆ ಬಹಳಷ್ಟು ಹೇಳಿದ. 1747ರಲ್ಲಿ ಬಾಖ್ ಪಾಟ್ಸ್‌ಡಾಮ್‌ಗೆ ಹೋಗಿ ಪ್ರಷ್ಯಾದ ದೊರೆ ಫ್ರೆಡರಿಕ್ ಮುಂದೆ ನುಡಿಸಿದ ಪ್ರಸಂಗವನ್ನು ಫೋರ್ಕೆಲ್ ಬರೆದದ್ದು, ಜೊತೆಗೆ ಹೋಗಿದ್ದ ಫ್ರೀಡೆಮಾನ್ ಬಾಯಿಂದ ಕೇಳಿ. ಅರಮನೆಯ ಸಂಜೆ ಕಚೇರಿ ಶುರುವಾಗುವ ಹೊತ್ತಿಗೆ ಊರಿಗೆ ಬಂದವರ ಪಟ್ಟಿ ದೊರೆಯ ಕೈಗೆ ಬಂತು, 'ಮಹನೀಯರೇ, ಮುದುಕ ಬಾಖ್ ಬಂದಿದ್ದಾನೆ' ಎಂದು ಹೇಳಿ ಕೊಳಲು ಕೆಳಗಿಟ್ಟ. ಪ್ರಯಾಣದ ಬಟ್ಟೆಯನ್ನೂ ಬದಲಿಸಲು ಬಿಡದೆ ಕರೆಸಿಕೊಂಡ, ಸಿಲ್ಬರ್‌ಮಾನ್ ಮಾಡಿದ ಪಿಯಾನೋಗಳನ್ನು ಒಂದೊಂದಾಗಿ ನುಡಿಸಲು ಹೇಳಿದ. ಈ ಭೇಟಿಯ ಸುದ್ದಿ ಅದೇ ತಿಂಗಳ ಬರ್ಲಿನ್ ಪತ್ರಿಕೆಯಲ್ಲೂ ಅಚ್ಚಾಗಿದೆ, ದೊರೆಯೇ ಒಂದು ಸ್ವರಮಾಲೆ ಕೊಟ್ಟು ಅದರ ಮೇಲೆ ಫ್ಯೂಗ್ (ಒಂದೇ ಎಳೆಯನ್ನು ಹಲವು ದನಿಗಳು ಸರದಿಯಲ್ಲಿ ಹಿಡಿದು ಬೆಳೆಸುವ ರಚನೆ) ನುಡಿಸಲು ಹೇಳಿದ್ದು ಅಲ್ಲಿಯೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮುಖ್ಯ ಸಂಗತಿ ಒಂದೇ. ಬಣ್ಣ ಫ್ರೀಡೆಮಾನ್‌ನದು.

ಆದರೆ ಫ್ರೀಡೆಮಾನ್ ಜೊತೆಗಿನ ನಂಟಿನಲ್ಲಿ ಒಂದು ದುಃಖದ ಅಧ್ಯಾಯವೂ ಇದೆ. ತಂದೆಯ ಕಾಂಟಾಟಾಗಳ, ಅಂದರೆ ಭಾನುವಾರದ ಪೂಜೆಗಾಗಿ ಬರೆದ ಹಾಡುಗಬ್ಬಗಳ, ಒಂದು ಇಡೀ ವರ್ಷದ ಹಸ್ತಪ್ರತಿಗಳು ಫ್ರೀಡೆಮಾನ್ ಪಾಲಿಗೆ ಬಂದಿದ್ದವು. ಕೈಯಲ್ಲಿ ಕಾಸಿಲ್ಲದ ಹೊತ್ತಿನಲ್ಲಿ ಅವನು ಅವನ್ನು ಫೋರ್ಕೆಲ್‌ಗೆ ತೋರಿಸಿ, ಕೊಳ್ಳುವುದಾದರೆ 20 ಲೂಯಿ ದೋರ್, ಸುಮ್ಮನೆ ನೋಡಿ ಕೊಡುವುದಾದರೆ 2 ಎಂದ. ಅಷ್ಟು ಹಣ ಒಟ್ಟಿಗೆ ಕೊಡುವ ಶಕ್ತಿ ಫೋರ್ಕೆಲ್‌ಗಿರಲಿಲ್ಲ. 2 ಕೊಟ್ಟು ಓದಿದ, ಅತ್ಯುತ್ತಮವೆನಿಸಿದ ಎರಡನ್ನು ಮಾತ್ರ ನಕಲು ಮಾಡಿಕೊಂಡ. ಮುಂದೆ ಇನ್ನೂ ಕಷ್ಟಕ್ಕೆ ಬಿದ್ದ ಫ್ರೀಡೆಮಾನ್ ಇಡೀ ಕಟ್ಟನ್ನು 12 ಥಾಲರ್‌ಗೆ ಮಾರಿಬಿಟ್ಟ ಎಂದು ಫೋರ್ಕೆಲ್ 1803ರಲ್ಲಿ ತನ್ನ ಪ್ರಕಾಶಕರಿಗೆ ಬರೆದ ಪತ್ರದಲ್ಲಿ ನೋಯುತ್ತಾನೆ. ಅವನ ಪುಸ್ತಕದಲ್ಲಿ ಕಾಂಟಾಟಾಗಳ ಮಾತು ಯಾಕೆ ಅಷ್ಟು ಕಡಿಮೆ, ಯೇಸುವಿನ ಕೊನೆಯ ದಿನಗಳನ್ನು ಹಾಡುವ 'ಮ್ಯಾಥ್ಯೂ ಪ್ಯಾಷನ್'ನಂಥ ಕೃತಿಯ ಬಗ್ಗೆ ಯಾಕೆ ಚರ್ಚೆಯೇ ಇಲ್ಲ ಎಂದು ಅವನನ್ನು ಬಯ್ಯುವವರು ಈ ಪತ್ರವನ್ನು ಓದಬೇಕು. ಆ ಸಂಗೀತವನ್ನು ಅವನು ಕೇಳಿಯೇ ಇರಲಿಲ್ಲ. ಮೆಂಡೆಲ್ಸನ್ ಬರ್ಲಿನ್‌ನಲ್ಲಿ ಪ್ಯಾಷನ್ ಹಾಡಿಸಿದ್ದು 1829ರಲ್ಲಿ, ಫೋರ್ಕೆಲ್ ಸತ್ತು 11 ವರ್ಷದ ಮೇಲೆ.

ನಿಮಗೆ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಹತ್ತಿರವಾಗುವುದು ಬಾಖ್‌ನ ಬೆರಳುಗಾರಿಕೆ ಮತ್ತು ಪಾಠಕ್ರಮದ ಅಧ್ಯಾಯಗಳು. ಐದೂ ಬೆರಳುಗಳನ್ನು ಬಾಗಿಸಿ ತುದಿಗಳು ಮಣೆಯ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ಪ್ರತಿ ಬೆರಳೂ ತನ್ನ ಕೀಲಿಯ ಮೇಲೆ ಸಿದ್ಧವಾಗಿರಬೇಕು. ಕೆಲಸ ಮುಗಿದ ಬೆರಳನ್ನು ಮೇಲಕ್ಕೆತ್ತದೆ, ತುದಿಯನ್ನು ಅಂಗೈ ಕಡೆಗೆ ಮೆಲ್ಲನೆ ಎಳೆದುಕೊಳ್ಳುತ್ತ ಕೀಲಿಯಿಂದ ಜಾರಿಸಬೇಕು. ಬಾಖ್ ನುಡಿಸುವಾಗ ಬೆರಳಿನ ಮೊದಲ ಗೆಣ್ಣು ಬಿಟ್ಟರೆ ಏನೂ ಅಲುಗುತ್ತಿರಲಿಲ್ಲವಂತೆ. ಹೊಸ ಶಿಷ್ಯರಿಗೆ ತಿಂಗಳುಗಟ್ಟಲೆ, ಆರರಿಂದ ಹನ್ನೆರಡು ತಿಂಗಳವರೆಗೂ, ಬೆರಳಿನ ಅಭ್ಯಾಸ ಬಿಟ್ಟು ಬೇರೇನೂ ಇಲ್ಲ. ನಮ್ಮಲ್ಲಿ ಸರಳೆ, ಜಂಟಿ ವರಸೆಗಳಲ್ಲೇ ತಿಂಗಳುಗಳು ಕಳೆದು ಮಕ್ಕಳ ಮುಖ ಬಾಡುವ ಹಾಗೆ ಅಲ್ಲಿಯೂ ಬಾಡುತ್ತಿತ್ತು. ಹಾಗೆ ಬೇಸತ್ತವರಿಗಾಗಿ ಬಾಖ್ ಆ ಅಭ್ಯಾಸಗಳನ್ನೇ ಹೆಣೆದು ಪುಟ್ಟ ಕೃತಿಗಳನ್ನು ಬರೆದುಕೊಡುತ್ತಿದ್ದ, ಕೆಲವನ್ನು ಪಾಠದ ನಡುವೆಯೇ ಕೂತು ಬರೆದ ಎನ್ನುತ್ತಾನೆ ಫೋರ್ಕೆಲ್. ನೀವು ನುಡಿಸಿರುವ 'ಇನ್ವೆನ್ಷನ್'ಗಳು ಆ ದಾರಿಯಲ್ಲಿ ಹುಟ್ಟಿದವು. ಇವೆಲ್ಲ ಆ ಪಾಠವನ್ನೇ ಕಲಿತ ಬಾಖ್‌ನ ಮಕ್ಕಳಿಂದ ಬಂದ ಮಾತುಗಳು. ಇಲ್ಲಿ ಫೋರ್ಕೆಲ್ ಮೇಲೆ ಪೂರ್ಣ ಭರವಸೆಯಿಡಿ.

ಆದರೆ ಬಾಖ್‌ಗೆ ಎಲ್ಲ ವಾದ್ಯಗಳಿಗಿಂತ ಕ್ಲಾವಿಕಾರ್ಡ್ ಪ್ರಿಯವಾಗಿತ್ತು ಎಂದು ಅದೇ ಅಧ್ಯಾಯದಲ್ಲಿ ಹೇಳಿದಾಗ ಸ್ವಲ್ಪ ನಿಲ್ಲಿ. ಮೆಲುದನಿಯ, ಭಾವಕ್ಕೆ ಸ್ಪಂದಿಸುವ ಆ ವಾದ್ಯ ಎಮಾನುಯೆಲ್ ಮತ್ತು ಫೋರ್ಕೆಲ್ ಕಾಲದವರ ಅಚ್ಚುಮೆಚ್ಚು. ತಮ್ಮ ಮೆಚ್ಚನ್ನು ತಂದೆಯ ತಲೆಮಾರಿಗೂ ಹಚ್ಚಿದ್ದಾರೆಂಬ ಸಂಶಯಕ್ಕೆ ಕಾರಣವಿದೆ. ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳ ಸಂಗ್ರಹವಾದ 'ವೆಲ್ ಟೆಂಪರ್ಡ್ ಕ್ಲಾವಿಯರ್' ವಿಷಯದಲ್ಲಂತೂ ಅವನು ಎಡವಿದ್ದಾನೆ. ಅದರ ಕೆಲವು ಪ್ರಿಲ್ಯೂಡ್‌ಗಳಿಗೆ ಚಿಕ್ಕದೊಂದು, ದೊಡ್ಡದೊಂದು ರೂಪವಿದೆ. ಪಕ್ವವಾದ ಬಾಖ್ ಅನಗತ್ಯವಾದದ್ದನ್ನು ಕತ್ತರಿಸಿ ಚಿಕ್ಕದು ಮಾಡಿದ ಎಂದು ಫೋರ್ಕೆಲ್ ನಂಬಿದ. ನಡೆದದ್ದು ತಿರುವುಮುರುವು: ಚಿಕ್ಕದು ಮೊದಲ ಕರಡು, ದೊಡ್ಡದು ಆಮೇಲಿನದು. ಇಲ್ಲಿ ಅವನ ಕೈಯಲ್ಲಿ ಸಾಕ್ಷಿಯ ಹೇಳಿಕೆ ಇರಲಿಲ್ಲ, ಸ್ವಂತ ಅಭಿರುಚಿ ಮಾತ್ರ ಇತ್ತು.

ಪುಸ್ತಕ ಹುಟ್ಟಿದ ಸಂದರ್ಭವನ್ನೂ ಮನಸ್ಸಿನಲ್ಲಿಡಿ. ಲೈಪ್‌ಜಿಗ್‌ನ ಹೋಫ್‌ಮೈಸ್ಟರ್ ಮತ್ತು ಕ್ಯೂನೆಲ್ ಎಂಬ ಪ್ರಕಾಶಕರು 1801ರಲ್ಲಿ ಬಾಖ್ ಕೃತಿಗಳನ್ನು ಮಾಲೆಯಾಗಿ ಹೊರತರಲು ಆರಂಭಿಸಿದ್ದರು. ಮುಂದೆ ಪೀಟರ್ಸ್ ಎಂದು ಹೆಸರಾದ ಸಂಸ್ಥೆ ಅದೇ. ಬಾಖ್ ಬಗ್ಗೆ ಕೂಡಿಟ್ಟಿದ್ದನ್ನೆಲ್ಲ ತನ್ನ ಸಂಗೀತ ಚರಿತ್ರೆಯ ಕೊನೆಯ ಸಂಪುಟಕ್ಕೆಂದು ಕಾದಿರಿಸಿದ್ದ ಫೋರ್ಕೆಲ್, ಆ ಸಂಪುಟ ತನ್ನಿಂದ ಮುಗಿಯುವುದೋ ಇಲ್ಲವೋ ಎಂಬ ಆತಂಕದಲ್ಲಿ ಅದನ್ನು ಬೇರೆ ಪುಸ್ತಕವಾಗಿ ಕೊಟ್ಟ. ಹನ್ನೊಂದು ಅಧ್ಯಾಯ, 69 ಪುಟ. ಸುತ್ತ ನೆಪೋಲಿಯನ್ನನ ಯುದ್ಧಗಳು, ಜರ್ಮನ್ ರಾಜ್ಯಗಳು ಒಂದೊಂದೇ ಕುಸಿಯುತ್ತಿದ್ದ ಕಾಲ. ಬಾಖ್ ಕೃತಿಗಳು ರಾಷ್ಟ್ರದ ಸ್ವತ್ತು ಎಂದು ಮುನ್ನುಡಿಯಲ್ಲಿ ಸಾರಿ, ಈತ ಜರ್ಮನ್ ಆಗಿದ್ದ, ನಾಡು ಅವನ ಬಗ್ಗೆ ಹೆಮ್ಮೆಪಡಲಿ, ಅವನಿಗೆ ತಕ್ಕುದಾಗಿಯೂ ಇರಲಿ ಎಂದು ಕೊನೆಯಲ್ಲಿ ಕರೆಕೊಡುವುದಕ್ಕೆ ಆ ಕಾಲವೇ ಕಾರಣ. ಬಾಖ್ ತಪ್ಪೇ ಮಾಡದ ಮಹಾಪುರುಷನಾಗಿ ಕಾಣುವುದಕ್ಕೂ ಅದೇ ಕಾರಣ. ಲೈಪ್‌ಜಿಗ್ ನಗರಸಭೆಯ ಜೊತೆ ವರ್ಷಗಟ್ಟಲೆ ಜಗಳವಾಡಿದ, ಸಂಬಳಕ್ಕಾಗಿ ಪತ್ರ ಬರೆದ ಬಾಖ್ ಈ ಪುಸ್ತಕದಲ್ಲಿ ನಿಮಗೆ ಸಿಗುವುದಿಲ್ಲ. ಅವನನ್ನು ಕಾಣಲು ಫಿಲಿಪ್ ಸ್ಪಿಟಾನ ದೊಡ್ಡ ಜೀವನಚರಿತ್ರೆ ಬರುವ 1873ರವರೆಗೆ ಓದುಗರು ಕಾಯಬೇಕಾಯಿತು.

ಫೋರ್ಕೆಲ್ ಬರೆದ ಸಂಗೀತ ಚರಿತ್ರೆಯ ಬಗ್ಗೆ ನನಗೆ ಗಂಭೀರವಾದ ತಕರಾರು ಒಂದಿದೆ. 'ಸಾಮಾನ್ಯ ಸಂಗೀತ ಚರಿತ್ರೆ'ಯ ಮೊದಲ ಸಂಪುಟ 1788ರಲ್ಲಿ, ಎರಡನೆಯದು 1801ರಲ್ಲಿ ಬಂತು. ಬರಿ ಲಯ, ಆಮೇಲೆ ರಾಗ, ಕೊನೆಗೆ ಹಾರ್ಮನಿ, ಹೀಗೆ ಸಂಗೀತ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು ಎಂದು ಅವನ ವಾದ. ಹಲವು ಸ್ವರಸಾಲುಗಳು ಒಟ್ಟಿಗೆ ಹೆಣೆದುಕೊಂಡು ಸಾಗುವುದೇ ಅವನಿಗೆ ತುತ್ತತುದಿ, ಅಲ್ಲಿ ಬಾಖ್ ಕೂತಿದ್ದಾನೆ. ಈ ಅಳತೆಗೋಲು ಹಿಡಿದರೆ ಗ್ರೀಕರ ಸಂಗೀತವೂ ಬಾಲ್ಯಾವಸ್ಥೆಯದೇ, ಹಾರ್ಮನಿಯ ಹಾದಿ ಹಿಡಿಯದ ಯಾವ ಜನರ ಸಂಗೀತವೂ ಹಾಗೆಯೇ. ಒಂದು ತೋಡಿಯ ಗಾಂಧಾರದಲ್ಲಿ ಎಷ್ಟು ಸೂಕ್ಷ್ಮವಿದೆಯೆಂದು ಕೇಳಿ ಬೆಳೆದ ನಾವು ಇದನ್ನು ಒಪ್ಪಲು ಸಾಧ್ಯವಿಲ್ಲ, ಒಪ್ಪಬಾರದು ಕೂಡ. ಇವತ್ತಿನ ಜರ್ಮನ್ ವಿದ್ವಾಂಸರೂ ಒಪ್ಪುವುದಿಲ್ಲ. ಗ್ಲುಕ್‌ನ ಹೊಸ ಬಗೆಯ ಆಪೆರಾಗಳನ್ನು 1778ರಲ್ಲಿ ಅವನು ಕಟುವಾಗಿ ಖಂಡಿಸಿದ್ದೂ ಈ ಅಳತೆಗೋಲಿನ ಪರಿಣಾಮವೇ.

ಎರಡನೆಯ ಸಂಪುಟ ನಿಲ್ಲುವುದು 16ನೇ ಶತಮಾನದಲ್ಲಿ. ಮೂರನೆಯದು ಬರಲೇ ಇಲ್ಲ. ಇದರ ಜೊತೆಗೇ ಇನ್ನೊಂದು ಆಘಾತವೂ ಆಯಿತು. ವಿಯೆನ್ನಾದ ಯೋಸೆಫ್ ಸೊನ್‌ಲೈತ್‌ನರ್ ಹಳೆಯ ಸಂಗೀತವನ್ನು ಸ್ವರಲಿಪಿ ಸಹಿತ 50 ಸಂಪುಟಗಳಲ್ಲಿ ಅಚ್ಚು ಹಾಕುವ ಯೋಜನೆ ಹಾಕಿದ್ದ. ಫೋರ್ಕೆಲ್ ಅದರ ಮೊದಲ ಸಂಪುಟಕ್ಕೆ 16ನೇ ಶತಮಾನದ ಕೃತಿಗಳನ್ನು ಹಳೆಯ ಬಿಡಿ ಪುಸ್ತಕಗಳಿಂದ ಎತ್ತಿ, ಇಂದಿನ ಲಿಪಿಗೆ ಇಳಿಸಿ ಸಿದ್ಧಪಡಿಸಿದ. ಸೀಸದ ಫಲಕಗಳಲ್ಲಿ ಕೊರೆದೂ ಆಗಿತ್ತು. 1805ರಲ್ಲಿ ವಿಯೆನ್ನಾಕ್ಕೆ ನುಗ್ಗಿದ ಫ್ರೆಂಚ್ ಸೈನ್ಯ ಆ ಫಲಕಗಳನ್ನು ಕರಗಿಸಿ ಗುಂಡು ಎರಕ ಹೊಯ್ದಿತು. ಕರಡು ತಿದ್ದಲೆಂದು ಫೋರ್ಕೆಲ್‌ಗೆ ಕಳಿಸಿದ್ದ ಹಾಳೆಗಳು ಮಾತ್ರ ಉಳಿದುಕೊಂಡವು. ಅಂಥ ಸಂಪುಟಮಾಲೆಗಳು ಜರ್ಮನಿಯಲ್ಲಿ ನಿಜವಾಗಿ ಬರತೊಡಗಿದ್ದು 19ನೇ ಶತಮಾನದ ಉತ್ತರಾರ್ಧದಲ್ಲಿ.

ಇನ್ನು ಅವನ ಸ್ವಂತ ರಚನೆಗಳು. ಹೌದು, ಸಾಕಷ್ಟು ಬರೆದಿದ್ದಾನೆ: 1778 ಮತ್ತು 1779ರಲ್ಲಿ ಅಚ್ಚಾದ ಕ್ಲಾವಿಯರ್ ಸೊನಾಟಾಗಳು, ಕಾಂಟಾಟಾಗಳು, ಸಿಂಫನಿಗಳು, 'ಹಿಸ್ಕಿಯಾಸ್' ಎಂಬ ಓರೆಟೋರಿಯೋ (ಬೈಬಲ್ ಕಥೆಯ ಗಾಯನ ಕೃತಿ). ಸೊನಾಟಾಗಳು ಎಮಾನುಯೆಲ್ ಬಾಖ್‌ನ ಧಾಟಿಯವು. ಕೆಲಸ ಅಚ್ಚುಕಟ್ಟು, ವ್ಯಾಕರಣ ಶುದ್ಧ, ನಡುನಡುವೆ ಒಂದು ಒಳ್ಳೆಯ ಭಾವಪೂರ್ಣ ತಿರುವು. ಎಮಾನುಯೆಲ್‌ನಲ್ಲಿ ಮುಂದಿನ ಆವರ್ತದಲ್ಲಿ ಏನಾಗುವುದೋ ಎಂದು ಕಿವಿ ನಿಮಿರುತ್ತದೆ, ಫೋರ್ಕೆಲ್‌ನಲ್ಲಿ ಅದು ಮೊದಲೇ ತಿಳಿದುಬಿಡುತ್ತದೆ. ಕಾರಣ ಅಷ್ಟೇ. 1791ರಲ್ಲಿ ಇಂಗ್ಲಿಷ್ ರಾಷ್ಟ್ರಗೀತೆಯ ಧಾಟಿಯ ಮೇಲೆ ಅವನು ವೇರಿಯೇಷನ್‌ಗಳನ್ನು ಪ್ರಕಟಿಸಿದಾಗ, ಅಬ್ಬೆ ಫೋಗ್ಲರ್ ಎಂಬ ಸಂಗೀತಗಾರ ಅವನ್ನು ಸಾಲುಸಾಲಾಗಿ ತಿದ್ದಿ 'ಸುಧಾರಿತ ಪಾಠ'ವೆಂದು ಪುಸ್ತಕವನ್ನೇ ಅಚ್ಚು ಹಾಕಿಸಿದ. ಗಾಟಿಂಗೆನ್‌ಗೆ ಈ ಧಾಟಿ ಹೊರಗಿನದಲ್ಲ, ಹನೋವರ್ ರಾಜ್ಯಕ್ಕೂ ಇಂಗ್ಲೆಂಡಿಗೂ ಆಗ ಒಬ್ಬನೇ ದೊರೆ. ಎಮಾನುಯೆಲ್ ತೀರಿಕೊಂಡ ಮೇಲೆ ಹ್ಯಾಂಬರ್ಗ್‌ನಲ್ಲಿ ತೆರವಾದ ಸಂಗೀತ ನಿರ್ದೇಶಕನ ಹುದ್ದೆಗೂ ಫೋರ್ಕೆಲ್ ಅರ್ಜಿ ಹಾಕಿದ್ದ. ಅದು ಇನ್ನೊಬ್ಬರ ಪಾಲಾಯಿತು. ಹ್ಯಾಂಬರ್ಗ್‌ಗೆ ಹೋಗಿದ್ದರೆ ಚರ್ಚಿನ ಕೆಲಸದಲ್ಲಿ ಮುಳುಗಿ ಗ್ರಂಥಸೂಚಿಯೂ ಇಲ್ಲ, ಬಾಖ್ ಪುಸ್ತಕವೂ ಇಲ್ಲ ಆಗುತ್ತಿತ್ತೇನೋ, ಹಾಗಾಗಿ ನನಗೆ ಅದರ ಬಗ್ಗೆ ವ್ಯಥೆಯಿಲ್ಲ.

ಓದಬೇಕೇ ಎಂದು ಕೇಳಿದ್ದೀರಿ. ಖಂಡಿತ ಓದಿ. ಚಾರ್ಲ್ಸ್ ಸ್ಯಾನ್‌ಫರ್ಡ್ ಟೆರಿ 1920ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಹಕ್ಕುಸ್ವಾಮ್ಯ ಮುಗಿದು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ, ಟೆರಿ ಹಾಕಿದ ಅಡಿಟಿಪ್ಪಣಿಗಳೂ ಉಪಯುಕ್ತ. ಮೊದಲ ಅಧ್ಯಾಯದಿಂದ ಶುರುಮಾಡಬೇಡಿ. ಮೂರನೆಯದನ್ನು ಪಿಯಾನೋ ಮುಂದೆ ಕೂತು ಓದಿ, ಬೆರಳು ಒಳಕ್ಕೆಳೆಯುವ ಆ ಕ್ರಮವನ್ನು ಎರಡನೇ ಇನ್ವೆನ್ಷನ್ ಮೇಲೆ ನಿಧಾನವಾಗಿ ಪ್ರಯತ್ನಿಸಿ. ಇಂದಿನ ಪಿಯಾನೋದ ಕೀಲಿ ಭಾರವಾದ್ದರಿಂದ ಪೂರ್ತಿ ಕೈಗೂಡುವುದಿಲ್ಲ, ಆದರೂ ಸ್ವರಗಳು ಬಿಡಿಬಿಡಿಯಾಗಿ ಸ್ಪಷ್ಟವಾಗುವುದು ಗೊತ್ತಾಗುತ್ತದೆ. ಆಮೇಲೆ ಪಾಠಕ್ರಮದ ಏಳನೆಯ ಅಧ್ಯಾಯ. ಕೊನೆಗೆ ಬಾಖ್ ವಂಶದವರ ಮೊದಲ ಅಧ್ಯಾಯಕ್ಕೆ ಬನ್ನಿ. ಬಾಖ್ ಮನೆತನದವರೆಲ್ಲ ವರ್ಷಕ್ಕೊಮ್ಮೆ ಒಂದೂರಿನಲ್ಲಿ ಸೇರುತ್ತಿದ್ದರು, ಮೊದಲು ಎಲ್ಲರೂ ಒಟ್ಟಾಗಿ ಒಂದು ದೇವರ ಹಾಡು, ಆಮೇಲೆ ನಗೆಹಾಡುಗಳು. ಬೇರೆ ಬೇರೆ ಜನಪದ ಧಾಟಿಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು ಒಂದರ ಮೇಲೊಂದು ಹಾಡಿ, ಹಾಡುವವರೂ ಕೇಳುವವರೂ ಹೊಟ್ಟೆ ಹಿಡಿದು ನಗುತ್ತಿದ್ದರು ಎಂದು ಅಲ್ಲಿದೆ. ಆ ಆಟಕ್ಕೆ ಕ್ವಾಡ್‌ಲಿಬೆಟ್ ಎಂದು ಹೆಸರು. ಗೋಲ್ಡ್‌ಬರ್ಗ್‌ನ 30ನೇ ವೇರಿಯೇಷನ್ ಮೇಲೆ ಬಾಖ್ ಬರೆದಿರುವ ಹೆಸರೂ ಅದೇ, ಅದರಲ್ಲಿ ಎಲೆಕೋಸು ತಿಂದು ಸಾಕಾಗಿ ಮನೆ ಬಿಟ್ಟೆ ಎಂಬರ್ಥದ ಹಾಡಿನ ಧಾಟಿ ಇದೆ. ಅದನ್ನು ಗಂಭೀರ ಸಮಾರೋಪದಂತೆ ಭಾರವಾಗಿ ನುಡಿಸುವವರು ಬಹಳ. ಆ ಅಧ್ಯಾಯ ಓದಿದ ಮೇಲೆ ನೀವು ಹಾಗೆ ನುಡಿಸಲಾರಿರಿ.